ಅಜ್ಜಿಯ ಟ್ರಂಕು ನಿಮ್ಮ ಗೋಡೌನ್ ಅಲ್ಲ

(1/9)

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಫ್ರೆಂಡ್ಸ್‌ಗೆ ಈ ಸರಣಿ. ಅದರಲ್ಲೂ "ನಾನೂ ಒಂದು ವಿಂಟೇಜ್ ಪೇಜ್ ಶುರು ಮಾಡ್ತೀನಿ" ಅಂತ ಮನಸ್ಸಲ್ಲೇ ಹೆಸರು, ಲೋಗೋ ಎಲ್ಲ ರೆಡಿ ಮಾಡಿಟ್ಟುಕೊಂಡವರಿಗೆ.

ಐಡಿಯಾ ಒಳ್ಳೆಯದೇ. ಅಂಗಡಿ ಬಾಡಿಗೆ ಇಲ್ಲ, ಅಡ್ವಾನ್ಸ್ ಇಲ್ಲ. ಒಂದು ಫೋನು, ಒಂದು ಹ್ಯಾಂಗರು, ಬೆಳಗಿನ ಎಳೆಬಿಸಿಲು, ಹಿಂದೆ ಹಳೇ ಮನೆಯ ಕೆಮ್ಮಣ್ಣು ಗೋಡೆ ಇದ್ದರೆ ಫೋಟೋ ತಾನಾಗೇ ಚೆಂದ ಬರತ್ತೆ. ಮಾಲಿಗೂ ಬರ ಇಲ್ಲ. ನಮ್ಮ ಕಡೆ ಅಟ್ಟದ ಮೇಲೆ ಟ್ರಂಕು ಇಲ್ಲದ ಹಳೇ ಮನೆ ಯಾವುದಿದೆ ಹೇಳಿ? ಇಳಕಲ್, ಮೈಸೂರು ಸಿಲ್ಕ್, ಕೈಮಗ್ಗದ ಕಾಟನ್, ಮದುವೆಗೆ ಉಟ್ಟ ಧಾರೆ ಸೀರೆ, ಮಾವನ ಟೆರಿಕಾಟ್ ಶರ್ಟು, ಎಲ್ಲ ಅಲ್ಲೇ ಮಲಗಿವೆ. ಬೆಂಗಳೂರಿನವರು ಅದಕ್ಕೇ ದುಡ್ಡು ಕೊಡಲು ರೆಡಿ ಇದ್ದಾರೆ.

ಹಾಗಾಗಿ ಶುರು ಮಾಡಬೇಡಿ ಅಂತ ನಾನು ಹೇಳಲ್ಲ. ನನ್ನ ಅಭಿಪ್ರಾಯ ಇಷ್ಟೇ: ಅಜ್ಜಿಯರ ಹತ್ತಿರ ಸೀರೆ ಕೊಂಡುಕೊಳ್ಳಬೇಡಿ. ಅವರ ಪರವಾಗಿ ಮಾರಿಕೊಡಿ.

ಎರಡೂ ಒಂದೇ ಅಲ್ವಾ ಅನ್ನಿಸಬಹುದು. ಅಲ್ಲ. ಎಂತಕ್ಕೆ ಅಲ್ಲ ಅಂತ ಮುಂದಿನ ಪೋಸ್ಟ್‌ಗಳಲ್ಲಿ ಲೆಕ್ಕ ಸಮೇತ ಹೇಳ್ತೀನಿ. ಬಿಕಾಂ ಓದಿದ್ದಕ್ಕೆ ಅಷ್ಟಾದರೂ ಉಪಯೋಗ ಆಗಲಿ.

(2/9)

ಮೊದಲು ಮೂರು ಪದ ಬಿಡಿಸಿಕೊಳ್ಳೋಣ. ಪೇಜ್‌ಗಳಲ್ಲಿ ಮೂರನ್ನೂ ಒಂದೇ ಮಾಡಿಬಿಟ್ಟಿದ್ದಾರೆ.

ಥ್ರಿಫ್ಟ್: ಯಾರೋ ತೊಟ್ಟು ಬಿಟ್ಟ ಬಟ್ಟೆ. ವಯಸ್ಸು ಎಷ್ಟೇ ಇರಲಿ, ಹೋದ ವರ್ಷದ್ದೇ ಆಗಿರಲಿ.

ಎಕ್ಸ್‌ಪೋರ್ಟ್ ಸರ್‌ಪ್ಲಸ್: ಹೊರದೇಶಕ್ಕೆಂದು ಹೊಲಿದು ಹೆಚ್ಚಾದದ್ದು, ಸಣ್ಣ ತಪ್ಪಿಗೆ ರಿಜೆಕ್ಟ್ ಆದದ್ದು. ದೆಹಲಿಯ ಸರೋಜಿನಿ ನಗರ ಮಾರ್ಕೆಟ್ ಇದಕ್ಕೇ ಫೇಮಸ್. ಅದು ಹೊಸ ಬಟ್ಟೆ, ಹಳೆಯದಲ್ಲ.

ವಿಂಟೇಜ್: ಸಾಮಾನ್ಯವಾಗಿ ಒಪ್ಪಿಕೊಂಡಿರುವ ಲೆಕ್ಕ 20 ವರ್ಷ ದಾಟಿರಬೇಕು ಅಂತ. ಅಂದರೆ ನಮ್ಮ ಬ್ಯಾಚಿನವರಷ್ಟಾದರೂ ವಯಸ್ಸಾಗಿರಬೇಕು.

ಇನ್ನೊಂದು ದಾರಿ ಇದೆ, ಬೇಲ್. "ಇಂಪೋರ್ಟೆಡ್ ವಿಂಟೇಜ್, ಕೆಜಿ ಲೆಕ್ಕದಲ್ಲಿ" ಅಂತ ಮೆಸೇಜ್ ಬರತ್ತಲ್ಲ, ಅದು. ಭಾರತಕ್ಕೆ ಹಳೇ ಬಟ್ಟೆ ಆಮದು ಮಾಡೋದಕ್ಕೆ ನಿರ್ಬಂಧ ಇದೆ, ಲೈಸೆನ್ಸ್ ಬೇಕು. ಹೊರದೇಶದವರು ಬಿಟ್ಟ ಬಟ್ಟೆ ಗುಜರಾತಿನ ಕಾಂಡ್ಲಾದಂಥ ಬಂದರಿನಲ್ಲಿ ಇಳಿಯತ್ತೆ, ತುಂಬಾ ಮಾಲು ಹರಿಯಾಣದ ಪಾಣಿಪತ್‌ಗೆ ಹೋಗಿ ಚೂರಾಗಿ, ಮತ್ತೆ ನೂಲಾಗಿ, ಅಗ್ಗದ ಕಂಬಳಿ ಆಗತ್ತೆ. ಆ ಮಧ್ಯೆ ಯಾವುದು ಹೇಗೆ ಮಾರ್ಕೆಟ್ಟಿಗೆ ಜಾರಿತು ಅನ್ನೋದು ನಿಮಗೆ ಮಾರುವವನೂ ಹೇಳಲ್ಲ. ಬಿಲ್ ಕೇಳಿ ನೋಡಿ, ಬ್ಲಾಕ್ ಮಾಡ್ತಾನೆ.

ಮತ್ತೆ, ಬೇಲ್ ಬಟ್ಟೆ ಮಾರೋಕೆ ಸಾಗರದಲ್ಲೇ ಕೂತಿರಬೇಕು ಅಂತೇನಿಲ್ಲ. ದೊಡ್ಡ ಊರಿನವರ ಜೊತೆ ರೇಟಲ್ಲಿ ನಾವು ಗೆಲ್ಲೋದೂ ಇಲ್ಲ. ನಮ್ಮ ಹತ್ತಿರ ಇರೋದು, ಅವರ ಹತ್ತಿರ ಇಲ್ಲದ್ದು ಒಂದೇ: ಟ್ರಂಕು. ಆದರೆ ಟ್ರಂಕಿಗೆ ಒಬ್ಬ ಒಡತಿ ಇದ್ದಾಳೆ.

(3/9)

"ಸುಮ್ನೆ ಬಿದ್ದಿತ್ತು, ನಾವು ತಗೊಂಡು ಉಳಿಸಿದ್ವಿ." ವಿಂಟೇಜ್ ಪೇಜ್‌ಗಳ ಫೇವರಿಟ್ ಸಾಲು ಇದು.

ಸುಮ್ನೆ ಬಿದ್ದಿರಲಿಲ್ಲ ಮಾರಾಯ್ರೇ. ನಮ್ಮ ಮನೆಗಳಲ್ಲಿ ಹಳೇ ಸೀರೆ ಯಾವತ್ತೂ ಕಸ ಆಗಿರಲಿಲ್ಲ. ತೊಳೆದು ತೊಳೆದು ಮೆತ್ತಗಾದ ಕಾಟನ್ ಸೀರೆ ಮೊದಲು ತೊಟ್ಟಿಲಿಗೆ, ಬಾಣಂತಿಗೆ, ಮಗುವಿನ ಬಟ್ಟೆಗೆ. ಆಮೇಲೆ ಕೌದಿಗೆ. ಬೇಸಿಗೆ ಬಂದರೆ ಹಪ್ಪಳ, ಸಂಡಿಗೆ ಒಣಗಿಸೋದು ಅದರ ಮೇಲೆ. ಉಪ್ಪಿನಕಾಯಿ ಭರಣಿ ಬಾಯಿಗೆ ಕಟ್ಟೋದು ಅದರ ಚೂರು. ಕೊನೆಗೆ ಒಲೆ ಹತ್ತಿರ ಮಸಿಬಟ್ಟೆ. ಸಸ್ಟೇನಬಲ್ ಅನ್ನೋ ಪದ ಬರೋಕೆ ಮುಂಚೆಯೇ ಇಷ್ಟೆಲ್ಲ ಇತ್ತು.

ಇನ್ನೊಂದು ವಿಷಯ ಇದೆ, ಹೇಳೋಕೆ ಸ್ವಲ್ಪ ಮುಜುಗರ. ತೋಟದ ಮನೆಗಳಲ್ಲಿ ಮನೆಯವರು ಉಟ್ಟು ಬಿಟ್ಟ ಸೀರೆ ಎಷ್ಟೋ ಸಲ ಕೆಲಸಕ್ಕೆ ಬರುವ ಹೆಂಗಸರಿಗೆ ಹೋಗ್ತಿತ್ತು. ಆ ಪದ್ಧತಿ ಸರಿಯೋ ತಪ್ಪೋ ಅದು ಬೇರೆ ಚರ್ಚೆ. ಹೊಸದೇ ಕೊಡಬಹುದಿತ್ತಲ್ಲ ಅಂತ ನನಗೂ ಅನ್ನಿಸತ್ತೆ. ಆದರೆ ನೀವು ಹೋಗಿ ಆ ಸೀರೆ ತಂದರೆ, ಅದರ ಸಾಲಲ್ಲಿ ನಿಂತಿದ್ದವರೊಬ್ಬರು ಹಿಂದೆ ಸರೀತಾರೆ ಅನ್ನೋದು ನೆನಪಿರಲಿ.

ಹಾಗಾಗಿ ಮೊದಲ ನಿಯಮ: ಮನೆಯಲ್ಲಿ ಬಳಕೆ ಆಗ್ತಿರೋದನ್ನು ಮುಟ್ಟಬೇಡಿ. ಮೆತ್ತನೆಯ ಹಳೇ ಕಾಟನ್ ಅಲ್ಲಿಯೇ ಇರಲಿ. ಯಾರೂ ಉಡದ, ಯಾರೂ ಹರಿಯಲೂ ಮನಸ್ಸು ಮಾಡದ, ಮಡಿಕೆಯಲ್ಲೇ ಹರಿದುಹೋಗ್ತಿರೋ ರೇಷ್ಮೆ, ಇಳಕಲ್, ಜರಿ ಸೀರೆ ಇದೆಯಲ್ಲ, ನಿಮ್ಮ ವ್ಯಾಪಾರ ಅದು.

(4/9)

ಈಗ ಲೆಕ್ಕ. ಅಂಕಿಗಳು ಉದಾಹರಣೆಗೆ ಹಾಕಿದ್ದು, ನಿಮ್ಮ ಊರಿನ ರೇಟ್ ಹಾಕಿ ನೋಡಿ.

ಒಂದು ಹಳೇ ಸೀರೆ 1,200 ರೂಪಾಯಿಗೆ ಹೋಯ್ತು ಅಂತಿಟ್ಟುಕೊಳ್ಳಿ.
ಡ್ರೈಕ್ಲೀನ್ 150
ರಫು, ಫಾಲ್ ಕೆಲಸ 80
ಪ್ಯಾಕಿಂಗ್ 30
ಪಾರ್ಸೆಲ್ 90
ಒಟ್ಟು ಖರ್ಚು 350. ಉಳಿದದ್ದು 850.

ದಾರಿ ಒಂದು: ಅಜ್ಜಿಗೆ 100 ರೂಪಾಯಿ ಕೊಟ್ಟು ಕೊಂಡು ತಂದಿದ್ದೀರಿ. ನಿಮಗೆ ಉಳಿಯೋದು 750.

ದಾರಿ ಎರಡು: ಖರ್ಚು ಕಳೆದು ಉಳಿದದ್ದರಲ್ಲಿ ಅಜ್ಜಿಗೆ 60%, ನಿಮಗೆ 40%. ಅಜ್ಜಿಗೆ 510, ನಿಮಗೆ 340.

ವ್ಯತ್ಯಾಸ 410 ರೂಪಾಯಿ. ಈ ಇಡೀ ಸರಣಿ ಈ 410 ರೂಪಾಯಿ ಯಾರದ್ದು ಅನ್ನೋದರ ಬಗ್ಗೆಯೇ.

"ಅಜ್ಜಿ ಖುಷಿಯಿಂದಲೇ ಕೊಟ್ರು, ಒತ್ತಾಯ ಮಾಡಿಲ್ಲ" ಅಂತೀರಿ. ನಿಜ ಇರಬಹುದು. ಬಟ್ಟೆಗೆ ಪಾತ್ರೆ ಅಂತ ಬರುವವರಿಗೆ ಕೊಟ್ಟಿದ್ದರೆ ಒಂದು ಸ್ಟೀಲ್ ಡಬ್ಬಿ ಸಿಗ್ತಿತ್ತು, ನಾನು ಅದಕ್ಕಿಂತ ಜಾಸ್ತಿಯೇ ಕೊಟ್ಟೆ ಅಂತಲೂ ಅನ್ನಬಹುದು. ಆದರೆ ಪಾತ್ರೆಯವನು ಮತ್ತು ನೀವು ಒಂದೇ ಅಲ್ಲ. ಅವನು ಬಟ್ಟೆಯ ರಾಶಿ ಕೊಳ್ತಾನೆ, ನೀವು ಆ ಒಂದು ಸೀರೆಯನ್ನೇ ಆರಿಸಿ ಕೊಳ್ತೀರಿ. ಅದು 1,200ಕ್ಕೆ ಹೋಗತ್ತೆ ಅಂತ ನಿಮಗೆ ಗೊತ್ತು, ಅಜ್ಜಿಗೆ ಗೊತ್ತಿಲ್ಲ. ಒಬ್ಬರಿಗೆ ರೇಟ್ ಗೊತ್ತು, ಇನ್ನೊಬ್ಬರಿಗೆ ಗೊತ್ತಿಲ್ಲ ಅನ್ನುವಾಗ ನಡೆದ ಒಪ್ಪಿಗೆಗೆ ಎಷ್ಟು ಬೆಲೆ? ಅಡಿಕೆ ಮಂಡಿಯಲ್ಲಿ ನಮ್ಮ ಮನೆಯವರಿಗೆ ಯಾರಾದರೂ ಹೀಗೆ ಮಾಡಿದರೆ ಅದನ್ನು ನಾವು ವ್ಯಾಪಾರ ಅಂತ ಕರೀತೀವಾ?

(5/9)

ದಾರಿ ಎರಡಕ್ಕೆ ಹೆಸರಿದೆ. ನಾವೆಲ್ಲ ಅದನ್ನು ಓದಿಯೂ ಇದ್ದೀವಿ: ಕನ್ಸೈನ್‌ಮೆಂಟ್. ಫೈನಾನ್ಶಿಯಲ್ ಅಕೌಂಟಿಂಗ್‌ನಲ್ಲಿ ಪಾಸಾಗೋಕೆ ಬಾಯಿಪಾಠ ಮಾಡಿದ ಆ ಚಾಪ್ಟರ್ ನಿಜವಾಗಿ ಇದಕ್ಕೇ ಇರೋದು.

ಮಾಲು ಕಳಿಸುವವರು ಕನ್ಸೈನರ್, ಇಲ್ಲಿ ಅಜ್ಜಿ. ಮಾರಿಕೊಡುವವರು ಕನ್ಸೈನಿ, ಇಲ್ಲಿ ನೀವು. ಮುಖ್ಯ ಪಾಯಿಂಟ್: ಮಾರಾಟ ಆಗುವ ತನಕ ಮಾಲು ಕನ್ಸೈನರ್‌ದೇ. ನೀವು ಏಜೆಂಟ್ ಅಷ್ಟೇ, ನಿಮಗೆ ಸಿಗೋದು ಕಮಿಷನ್.

ಒಂದು ನೋಟ್‌ಬುಕ್ ಸಾಕು. ಪ್ರತಿ ಸೀರೆಗೆ ಒಂದು ಪುಟ:
- ಯಾರ ಸೀರೆ, ಎಂದು ತಂದದ್ದು, ಎರಡು ಫೋಟೋ
- ಎಲ್ಲಿ ಹರಿದಿದೆ, ಎಲ್ಲಿ ಕಲೆ ಇದೆ (ತರುವಾಗಲೇ ಅವರೆದುರು ಬರೀರಿ)
- ಇದಕ್ಕಿಂತ ಕಡಿಮೆಗೆ ಕೊಡಲ್ಲ ಅನ್ನುವ ರೇಟ್. ಅದನ್ನು ಹೇಳೋದು ಅವರು, ಆದರೆ ಅಂಥದ್ದೇ ಸೀರೆಗಳು ಎಷ್ಟಕ್ಕೆ ಹೋಗ್ತಿವೆ ಅಂತ ಫೋನಲ್ಲಿ ತೋರಿಸಿದ ಮೇಲೆ
- ಯಾವ ಖರ್ಚು ಕಳೀತೀರಿ, ಪಾಲು ಎಷ್ಟು
- 90 ದಿನದಲ್ಲಿ ಹೋಗದಿದ್ದರೆ ಕ್ಲೀನ್ ಆಗಿ ವಾಪಸ್

ಮಾರಾಟ ಆದ ಮೇಲೆ ಅಕೌಂಟ್ ಸೇಲ್ಸ್ ಕೊಡಬೇಕು. ಅಂದರೆ ಎಷ್ಟಕ್ಕೆ ಹೋಯ್ತು, ಏನು ಕಳೆಯಿತು, ಎಷ್ಟು ಉಳಿಯಿತು ಅನ್ನೋ ಚೀಟಿ. ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಬರೆದು ಕೊಡಿ. ಯುಪಿಐ ಇಲ್ಲದಿದ್ದರೆ ಕೈಯಲ್ಲಿ ಕೊಡಿ, ಮೊಮ್ಮಗನ ನಂಬರಿಗೆ ಹಾಕಬೇಡಿ. ತಕ್ಷಣ ದುಡ್ಡು ಬೇಕು ಅಂದರೆ ಸ್ವಲ್ಪ ಅಡ್ವಾನ್ಸ್ ಕೊಟ್ಟು ಆಮೇಲೆ ಮುರಿದುಕೊಳ್ಳಿ.

ಅಬ್ನಾರ್ಮಲ್ ಲಾಸ್? ಪುಸ್ತಕದಲ್ಲಿ ಎಂಟ್ರಿ ಹೇಗೇ ಇರಲಿ, ನಿಮ್ಮ ಬಕೆಟ್‌ನಲ್ಲಿ ಸೀರೆ ಬಣ್ಣ ಬಿಟ್ಟರೆ ನಷ್ಟ ನಿಮ್ಮದು.

ಮತ್ತೆ ಕತೆ. "1974ರ ಮದುವೆ ಸೀರೆ" ಅಂತ ಬರೆದರೆ ರೇಟ್ ಏರತ್ತೆ ಅಂತ ಎಲ್ಲರಿಗೂ ಗೊತ್ತು. ಆದರೆ ಆ ಮದುವೆ ನಿಮ್ಮದಲ್ಲ. ಹೆಸರು, ಊರು, ಹಳೇ ಫೋಟೋ ಹಾಕುವ ಮುಂಚೆ ಕೇಳಿ. ಬೇಡ ಅಂದರೆ ಬೇಡ.

(6/9)

"ಇಷ್ಟೆಲ್ಲ ನ್ಯಾಯ ನೋಡ್ತಾ ಕೂತರೆ ಬಿಸಿನೆಸ್ ಆದಂಗೆ" ಅನ್ನುವವರಿಗೆ ಹೆಗ್ಗೋಡಿನ ಚರಕ ತೋರಿಸ್ತೀನಿ.

ಸಾಗರದಿಂದ ಸ್ವಲ್ಪವೇ ದೂರ. ರಂಗಕರ್ಮಿ ಪ್ರಸನ್ನ ಅವರ ಮುಂದಾಳತ್ವದಲ್ಲಿ 1996ರಲ್ಲಿ ಶುರುವಾದ ಮಹಿಳೆಯರ ಸಹಕಾರ ಸಂಘ. ಹಳ್ಳಿಯ ಹೆಂಗಸರೇ ಬಣ್ಣ ಹಾಕ್ತಾರೆ, ನೇಯ್ತಾರೆ, ಹೊಲೀತಾರೆ. ಅಡಿಕೆ ಬೇಯಿಸಿದಾಗ ಉಳಿಯುವ ಚೊಗರು, ಕೈಯಿಗೆ ಬಟ್ಟೆಗೆ ತಾಗಿದರೆ ಹೋಗಲ್ಲ ಅಂತ ನಾವು ಬೈಸಿಕೊಳ್ತೀವಲ್ಲ, ಅಲ್ಲಿ ಅದೇ ಬಣ್ಣ. "ದೇಸಿ" ಅಂಗಡಿಗಳಲ್ಲಿ ನೀವು ನೋಡುವ ಕುರ್ತಾ, ಜುಬ್ಬಾ ಬರೋದು ಇಲ್ಲಿಂದ.

ಅವರದ್ದು ಹೊಸ ಬಟ್ಟೆ, ನಮ್ಮದು ಹಳೆಯದು. ಆದರೂ ಬಟ್ಟೆ ವ್ಯಾಪಾರದ ಎರಡು ಪಾಠ ಅಲ್ಲಿದೆ.

ಒಂದು: ಬಟ್ಟೆ ಮಾಡುವವರೇ ಸಂಘದ ಸದಸ್ಯರು. ದುಡ್ಡು ಎಲ್ಲಿಗೆ ಹೋಗತ್ತೆ ಅನ್ನೋದನ್ನ ಶುರುವಿನಲ್ಲೇ ತೀರ್ಮಾನ ಮಾಡಿಕೊಂಡರು, ದೊಡ್ಡದಾದ ಮೇಲೆ ನೋಡೋಣ ಅನ್ನಲಿಲ್ಲ.

ಎರಡು: ಸ್ಟಾಕ್. 2020ರಲ್ಲಿ ಲಾಕ್‌ಡೌನ್ ಆಗಿ ಮಾರಾಟ ನಿಂತು, ಬಟ್ಟೆ ರಾಶಿ ಬಿದ್ದು, ಆರ್ಥಿಕವಾಗಿ ದಿವಾಳಿ ಆಗಿದ್ದೀವಿ ಅಂತ ಚರಕ ತಾನೇ ಘೋಷಿಸಿಕೊಳ್ಳಬೇಕಾಯ್ತು. ಅಷ್ಟು ವರ್ಷದ ಹೆಸರಿದ್ದ ಸಂಸ್ಥೆ! ಆದರೂ ಮುಚ್ಚಲಿಲ್ಲ, ಇವತ್ತಿಗೂ ನಡೀತಿದೆ. ಆದರೆ ಮಾರಾಟವಾಗದ ಬಟ್ಟೆ ಎಂಥವರನ್ನೂ ಮುಳುಗಿಸತ್ತೆ ಅಂತ ಇಡೀ ರಾಜ್ಯ ನೋಡಿತು.

ಈಗ ನಿಮ್ಮ ಪೇಜ್ ಬಗ್ಗೆ ಯೋಚಿಸಿ. ಸ್ಕಾಲರ್‌ಶಿಪ್ ದುಡ್ಡಲ್ಲಿ 60 ಸೀರೆ ಕೊಂಡು ತಂದು, 20 ಮಾತ್ರ ಹೋದರೆ? ಕನ್ಸೈನ್‌ಮೆಂಟಲ್ಲಿ ಆ 40 ಸೀರೆ ವಾಪಸ್ ಟ್ರಂಕಿಗೆ ಹೋಗತ್ತೆ. ನಿಮ್ಮ ದುಡ್ಡು ಕಟ್ಟಿಹಾಕಿಕೊಳ್ಳಲ್ಲ. ಅಂದರೆ ಅಜ್ಜಿಗೆ ಕೊಟ್ಟ ಆ 410 ರೂಪಾಯಿ ಬರೀ ದಾನ ಅಲ್ಲ. ಸ್ಟಾಕಿನ ರಿಸ್ಕನ್ನು ಅವರೂ ಹೊರ್ತಿದ್ದಾರೆ, ಅದರ ಪಾಲು ಅದು.

(7/9)

ಕೊಳ್ಳುವವರಿಗೂ ನ್ಯಾಯ ಬೇಕು. ಸುಳ್ಳು ಹೇಳಬೇಡಿ.

"ಪ್ಯೂರ್ ಸಿಲ್ಕ್" ಅಂತ ಬರೆಯುವ ಮುಂಚೆ ಅಂಚಿನ ಒಳಗಿಂದ ಒಂದೆರಡು ಎಳೆ ತೆಗೆದು ಸುಟ್ಟು ನೋಡಿ (ಒಡತಿಯನ್ನು ಕೇಳಿ). ರೇಷ್ಮೆ ಆದರೆ ಕೂದಲು ಸುಟ್ಟ ವಾಸನೆ ಬರತ್ತೆ, ಬೂದಿ ಬೆರಳಲ್ಲಿ ಪುಡಿ ಆಗತ್ತೆ. ಪಾಲಿಯೆಸ್ಟರ್ ಆದರೆ ಕರಗಿ ಗಟ್ಟಿ ಮಣಿ ಆಗತ್ತೆ. ಸಿಲ್ಕ್ ಮಾರ್ಕ್ ಲೇಬಲ್ ಶುರುವಾಗಿದ್ದೇ 2004ರಲ್ಲಿ. ಅದಕ್ಕಿಂತ ಹಳೇ ಸೀರೆಗೆ ಲೇಬಲ್ ಇರಲ್ಲ, ಲೇಬಲ್ ಇಲ್ಲ ಅಂತ ನಕಲಿಯೂ ಅಲ್ಲ.

ಇಳಕಲ್ ಅನ್ನುವ ಮುಂಚೆ ಸೆರಗು ಮತ್ತು ಮೈ ಸೇರುವ ಜಾಗ ನೋಡಿ. ಎರಡರ ಎಳೆಗಳನ್ನು ಕುಣಿಕೆ ಹಾಕಿ ಕೂಡಿಸಿರ್ತಾರೆ, ಅದಕ್ಕೆ ಟೋಪಿ ತೆನಿ ಅಂತಾರೆ. ಅದಿಲ್ಲದೆ ಬರೀ ಇಳಕಲ್ ಅಂಚಿನ ಡಿಸೈನ್ ಇದ್ದರೆ "ಇಳಕಲ್ ಥರ" ಅಂತಲೇ ಬರೀರಿ. ಯಾವ ವರ್ಷದ್ದು ಅಂತ ಗೊತ್ತಿಲ್ಲದಿದ್ದರೆ ಅದನ್ನೂ ಹಾಗೇ ಬರೀರಿ. ಹರಿದದ್ದರ ಕ್ಲೋಸಪ್ ಮೊದಲ ಮೂರು ಫೋಟೋದೊಳಗೆ ಇರಲಿ.

ಇನ್ನು ನಮ್ಮ ಊರಿನ ದೊಡ್ಡ ಶತ್ರು: ಮಳೆ. ಆಗುಂಬೆ, ಹುಲಿಕಲ್ ಇರುವ ಸೀಮೆ ನಮ್ಮದು. ಜೂನ್‌ನಿಂದ ಸೆಪ್ಟೆಂಬರ್ ತನಕ ಕಪಾಟಿನಲ್ಲಿಟ್ಟ ಚರ್ಮದ ಬೆಲ್ಟಿಗೂ ಬೂಸ್ಟು ಹಿಡಿಯತ್ತೆ, ಇನ್ನು ರೇಷ್ಮೆ ಕೇಳಬೇಕಾ. ಬಚ್ಚಲ ಒಲೆ ಮೇಲೆ ಒಣಗಿಸಿದರೆ ಹೊಗೆ ವಾಸನೆ. ಅದನ್ನ ಪಾರ್ಸೆಲ್ ಮಾಡಿದರೆ ರಿವ್ಯೂ ಏನು ಬರತ್ತೆ ಅಂತ ಗೊತ್ತಲ್ಲ.

ಹಾಗಾಗಿ ತರೋದು, ತೊಳೆಸೋದು, ಫೋಟೋ ತೆಗೆಯೋದು ಎಲ್ಲ ಬೇಸಿಗೆ ಮುಗಿಯೋದರೊಳಗೆ. ಮಳೆಗಾಲದಲ್ಲಿ ಹೊಸದು ತರಬೇಡಿ. ಇರುವುದನ್ನು ಪ್ಲಾಸ್ಟಿಕ್ ಕವರಲ್ಲಿ ಉಸಿರು ಕಟ್ಟಿಸಬೇಡಿ, ತೆಳು ಕಾಟನ್ ಬಟ್ಟೆಯಲ್ಲಿ ಸುತ್ತಿ. ಮಧ್ಯೆ ಮಧ್ಯೆ ತೆಗೆದು ಮಡಿಕೆ ಬದಲಾಯಿಸಿ, ಇಲ್ಲಾಂದ್ರೆ ಮಡಿಕೆಯಲ್ಲೇ ಸೀಳತ್ತೆ. ನುಸಿಗುಳಿಗೆ ಜರಿಗೆ ತಾಗಬಾರದು. ಲಾವಂಚದ ಬೇರು ಇಟ್ಟರೆ ಪರಿಮಳವೂ ಆಯ್ತು. ಇದೆಲ್ಲ ನನಗಿಂತ ಚೆನ್ನಾಗಿ ಆ ಟ್ರಂಕಿನ ಒಡತಿಗೆ ಗೊತ್ತು, ಅವರನ್ನೇ ಕೇಳಿ. ಇಷ್ಟು ಮಳೆಗಾಲ ಆ ಸೀರೆಯನ್ನು ದಾಟಿಸಿದ್ದು ಅವರು. ಅದೂ ಕೆಲಸವೇ, ಅದಕ್ಕೂ ಕೂಲಿ ಇದೆ.

(8/9)

ಕಾನೂನು. ಬೋರ್ ಅಂತ ಸ್ಕ್ರಾಲ್ ಮಾಡಬೇಡಿ, ಸೇವ್ ಮಾಡ್ಕೊಳ್ಳಿ.

ಕರ್ನಾಟಕದ ಒಳಗೆ ಮಾತ್ರ ವಸ್ತು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ದಾಟುವ ತನಕ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಡ. ನಮಗೆಲ್ಲಿ 40 ಲಕ್ಷ ಅಂತ ನಗಬೇಡಿ, ಸಿಕ್ಕಿಬೀಳೋದು ಬೇರೆ ಕಡೆ. ತೆರಿಗೆ ಇರುವ ವಸ್ತುವನ್ನು ಹೊರರಾಜ್ಯಕ್ಕೆ ಮಾರಿದರೆ ಈ ಮಿತಿ ಲೆಕ್ಕಕ್ಕೇ ಬರಲ್ಲ. ಕೆಲವು ಕರಕುಶಲ ವಸ್ತುಗಳಿಗೆ ವಿನಾಯಿತಿ ಇದೆ, ಆದರೆ ಹಳೇ ಬಟ್ಟೆ ಅಂತ ಅದು ತಾನಾಗೇ ಸಿಗಲ್ಲ. ಮುಂಬೈಗೆ ಒಂದು ಸೀರೆ ಕಳಿಸುವ ಮೊದಲೇ ನೋಂದಣಿ ಪ್ರಶ್ನೆ ಬರತ್ತೆ. "ಶಿಪ್ಪಿಂಗ್ ಪ್ಯಾನ್ ಇಂಡಿಯಾ" ಅಂತ ಬಯೋದಲ್ಲಿ ಹಾಕುವ ಮುಂಚೆ ಒಬ್ಬ ಟ್ಯಾಕ್ಸ್ ಕನ್ಸಲ್ಟೆಂಟ್ ಹತ್ತಿರ ಕೂತು ಮಾತಾಡಿ.

2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಬಂದದ್ದು, ಬೆಂಗಳೂರಿನ ಅಂಗಡಿಗಳಲ್ಲಿ "ನೋ ಯುಪಿಐ" ಬೋರ್ಡ್ ಬಿದ್ದದ್ದು ನೆನಪಿದೆಯಲ್ಲ? ಫೋನಿಗೆ ಬಂದ ದುಡ್ಡಿಗೆಲ್ಲ ದಾಖಲೆ ಇರತ್ತೆ. ನಿಮ್ಮ ಅಕೌಂಟಿಗೆ 1,200 ಬಂದು, ಅದರಲ್ಲಿ 510 ಅಜ್ಜಿಯದು ಅನ್ನೋದಕ್ಕೆ ನಿಮ್ಮ ಹತ್ತಿರ ಇರುವ ಸಾಕ್ಷಿ ಆ ನೋಟ್‌ಬುಕ್ಕೇ.

ಉದ್ಯಮ್ ನೋಂದಣಿ ಸರ್ಕಾರಿ ವೆಬ್‌ಸೈಟಲ್ಲಿ ಫ್ರೀ. ಅದಕ್ಕೆ ದುಡ್ಡು ಕೇಳುವ ಸೈಟ್ ಕಂಡರೆ ಹೊರಗೆ ಬನ್ನಿ.

ಶುರುವಿನಲ್ಲಿ ಹತ್ತಿರದಲ್ಲೇ ಮಾರಿ ಅನ್ನೋದು ನನ್ನ ಸಲಹೆ. ಅಕ್ಟೋಬರಿನ ಹೊತ್ತಿಗೆ ನೀನಾಸಂ ಸಂಸ್ಕೃತಿ ಶಿಬಿರಕ್ಕೆ ಹೆಗ್ಗೋಡಿಗೆ ಎಲ್ಲೆಲ್ಲಿಂದಲೋ ಜನ ಬರ್ತಾರೆ. ತೀರ್ಥಹಳ್ಳಿಯಲ್ಲಿ ಎಳ್ಳಮಾವಾಸ್ಯೆ ಜಾತ್ರೆ, ಸಾಗರದಲ್ಲಿ ಮೂರು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ. ಕಾಲೇಜಿನ ಎಥ್ನಿಕ್ ಡೇ ಅಂತೂ ಇದ್ದೇ ಇದೆ, ಅದಕ್ಕೆ ಬಾಡಿಗೆಗೂ ಕೊಡಬಹುದು: ಸೀರೆ ಮತ್ತೆ ಒಡತಿಗೇ ವಾಪಸ್, ಪಾಲು ಮಾತ್ರ ಪ್ರತಿ ಸಲ.

(9/9)

ಕೊನೆಗೆ, ನನ್ನ ವಿರುದ್ಧ ನಾನೇ ಹೇಳಬಹುದಾದ ಮಾತು.

340 ರೂಪಾಯಿ ಕಡಿಮೆಯೇ. ಟ್ರಂಕು ನೋಡೋಕೆ ಹೊಸನಗರದಿಂದ ಒಳಗಿನ ಹಳ್ಳಿಗೆ ಹೋಗಿ ಬರೋದು, ತೊಳೆಸೋದು, ಫೋಟೋ, ಡಿಎಂಗೆ ಉತ್ತರ, ಪೋಸ್ಟ್ ಆಫೀಸ್ ಕ್ಯೂ, ಎಲ್ಲ ಸೇರಿ ಒಂದು ಸೀರೆಗೆ 3 ಗಂಟೆ ಅಂದುಕೊಂಡರೆ ಗಂಟೆಗೆ 113 ರೂಪಾಯಿ ಬಿತ್ತು. ತಿಂಗಳಿಗೆ 12 ಸೀರೆ ಹೋದರೆ 4,080. ಬಸ್ ಚಾರ್ಜು ಇನ್ನೂ ಕಳೆದಿಲ್ಲ. ಇದರಿಂದ ಯಾರೂ ಕೆಲಸ ಬಿಟ್ಟು ಕೂರೋಕಾಗಲ್ಲ. ಓದ್ತಾ ಓದ್ತಾ ಮಾಡುವ ವ್ಯಾಪಾರ ಇದು, ಹಾಗಂತ ಒಪ್ಪಿಕೊಂಡೇ ಶುರು ಮಾಡಿ. ಜಾಸ್ತಿ ಬೇಕಾದರೆ ರೇಟ್ ಏರಿಸಿ, ರಫು ಕೆಲಸ ಕಲೀರಿ, ಫೋಟೋ ಚೆನ್ನಾಗಿ ತೆಗೀರಿ. ಒಡತಿಯ ಪಾಲಿಗೆ ಕೈ ಹಾಕಬೇಡಿ.

60-40 ಅನ್ನೋದೂ ದೇವರು ಬರೆದದ್ದಲ್ಲ. ನಿಮ್ಮ ಕೆಲಸ ಜಾಸ್ತಿ ಇದ್ದರೆ 50-50 ಮಾಡಿ. ಎಷ್ಟೇ ಇರಲಿ, ಅದು ಅವರಿಗೆ ಗೊತ್ತಿರಬೇಕು. ನಿಮ್ಮ ಪೇಜಲ್ಲಿ ಹಾಕಿರೋ ರೇಟನ್ನು ಸೀರೆ ಕೊಟ್ಟವರ ಎದುರು ಜೋರಾಗಿ ಓದೋಕೆ ನಿಮಗೆ ಆಗತ್ತಾ? ಆದರೆ ಸರಿ ಇದೆ. ಆಗಲ್ಲ ಅಂದರೆ ಎಲ್ಲೋ ತಪ್ಪಿದೆ.

ಮತ್ತೆ ಇದು ಸಣ್ಣ ಊರು. ಒಂದು ಮನೆಯಿಂದ 100 ರೂಪಾಯಿಗೆ ತಂದ ಸೀರೆಯ ಪೋಸ್ಟ್ ಬೆಂಗಳೂರಲ್ಲಿರೋ ಅವರ ಮೊಮ್ಮಗಳ ಫೀಡಿಗೆ ಹೋಗೋಕೆ ಎಷ್ಟು ಹೊತ್ತು? ಆಮೇಲೆ ಆ ಕೇರಿಯಲ್ಲಿ ಯಾವ ಟ್ರಂಕೂ ನಿಮಗೆ ತೆಗೆಯಲ್ಲ. ಅದೇ ಒಬ್ಬ ಅಜ್ಜಿಗೆ ಚೀಟಿ ಸಮೇತ 510 ರೂಪಾಯಿ ತಲುಪಿದರೆ, ಮುಂದಿನ ಮದುವೆ ಮನೆಯಲ್ಲಿ ನಿಮ್ಮ ಜಾಹೀರಾತು ಅವರೇ ಮಾಡ್ತಾರೆ.

ಒಪ್ಪದವರು ಕಾಮೆಂಟಲ್ಲಿ ಜಗಳ ಆಡಿ, ಲೆಕ್ಕ ಹಾಕಿ ಆಡಿ. ಆಗಲೇ ಶುರು ಮಾಡಿದವರು ಇದ್ದರೆ ನೀವು ಎಷ್ಟು ಪಾಲು ಕೊಡ್ತಿದ್ದೀರಿ ಅಂತ ಬರೀರಿ. ನೋಟ್‌ಬುಕ್ಕಿನ ಪುಟ ಹೇಗಿರಬೇಕು ಅನ್ನೋ ಫೋಟೋ ಹೈಲೈಟ್ಸಲ್ಲಿ ಹಾಕಿದ್ದೀನಿ, ಬೇಕಾದವರು ಸ್ಕ್ರೀನ್‌ಶಾಟ್ ತಗೊಳ್ಳಿ.

#ಸಾಗರ #ಹೊಸನಗರ #ತೀರ್ಥಹಳ್ಳಿ #ಮಲೆನಾಡು #ಹಳೇಸೀರೆ #ವಿಂಟೇಜ್ #ಬಿಕಾಂಲೆಕ್ಕ